ತಾರಸಿ ಬಲಿಯುವ ತನಕ

ಅಂದಾನಿಗೆ ಮದ್ರಾಸಿನಲ್ಲಿ ಏನು ಕೆಲಸ ಎಂದು ಊರಿನವರು ಕೇಳಿದರೆ ಅವನ ತಾಯಿ ಕರಿಯಮ್ಮ, "ಸಿಮೆಂಟ್‌ಗೆ ನೀರು ಉಯ್ಯಿಸ್ತಾನೆ ಕಣವ್ವ" ಎಂದುಬಿಡುತ್ತಿದ್ದಳು. ಮಂಡ್ಯದಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಓಡಾಡುವ ಮಗನಿಗೆ ಮೊದಮೊದಲು ಇದನ್ನು ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಕ್ವಾಲಿಟಿ ಎಂಜಿನಿಯರ್ ಅನ್ನು ಎಂದು ಹೇಳಿಕೊಟ್ಟೂ ನೋಡಿದ. ಅದು ಅವಳ ಬಾಯಲ್ಲಿ ನಿಲ್ಲಲಿಲ್ಲ. ವರ್ಷ ಕಳೆದಂತೆ ಅವನಿಗೇ ಅನ್ನಿಸತೊಡಗಿತು, ತನ್ನ ಕೆಲಸವನ್ನು ಇಷ್ಟು ಸರಿಯಾಗಿ ಕಂಪನಿಯವರೂ ಹೇಳಿರಲಿಲ್ಲ ಎಂದು.

ಪಲ್ಲಾವರಂ ಹತ್ತಿರ ಏಳುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅವನ ಕೆಲಸ. ಕಾಂಕ್ರೀಟ್ ಹಾಕುವ ದಿನ ಅಲ್ಲಿ ಹಬ್ಬವೇ ಹಬ್ಬ. ಮಿಕ್ಸರ್ ಲಾರಿಗಳ ಸಾಲು, ಪಂಪಿನ ಸದ್ದು, ಕೂಗಾಟ, ಕೊನೆಗೆ ಎಲ್ಲರಿಗೂ ಬಿರಿಯಾನಿ ಪೊಟ್ಟಣ. ಮಾರನೆಯ ದಿನ ಆ ಕಡೆ ತಿರುಗಿ ನೋಡುವವರಿಲ್ಲ. ಅಂದಾನಿಯ ಕೆಲಸ ಶುರುವಾಗುವುದೇ ಆಗ. ಒಣಗಿತಲ್ಲ ಸಾರ್, ಇನ್ನೇನು ಎಂದು ಯಾರಾದರೂ ಕೇಳಿದರೆ ಅವನಿಗೆ ರೇಗಿಹೋಗುತ್ತಿತ್ತು. ಕಾಂಕ್ರೀಟು ಒಣಗಬಾರದು, ಬಲಿಯಬೇಕು ಎನ್ನುತ್ತಿದ್ದ. ಸಿಮೆಂಟು ನೀರು ಕುಡಿಯುತ್ತ ಕುಡಿಯುತ್ತ ಒಳಗೊಳಗೇ ಗಟ್ಟಿಯಾಗುತ್ತದೆ. ಮರದಲ್ಲಿ ಕಾಯಿ ಬಲಿತ ಹಾಗೆ ಅದಕ್ಕೂ ಅದರದೇ ಹೊತ್ತು ಬೇಕು. ನಡುವೆ ಬಿಸಿಲೋ ಗಾಳಿಯೋ ಆ ನೀರನ್ನು ಕದ್ದುಬಿಟ್ಟರೆ ಅದು ಎಳಸಾಗಿಯೇ ಉಳಿಯುತ್ತದೆ. ಕೇಡೇನೆಂದರೆ, ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಎಳಸೂ ಬಲಿತದ್ದೂ ಒಂದೇ ಬೂದು ಬಣ್ಣ. ಗೊತ್ತಾಗುವ ಹೊತ್ತಿಗೆ ಮನೆಯವರು ಒಳಗೆ ಬಂದಿರುತ್ತಾರೆ, ಕಟ್ಟಿದವರು ಜಾಗ ಖಾಲಿ ಮಾಡಿರುತ್ತಾರೆ. ಆದ್ದರಿಂದ ಅಂದಾನಿ ಕಂಬಗಳಿಗೆ ಗೋಣಿತಾಟು ಸುತ್ತಿಸಿ ನೆನೆಸುತ್ತ, ಹೊಸ ತಾರಸಿಯ ಮೇಲೆ ಗದ್ದೆಯ ಬದುವಿನಂತೆ ಮಣ್ಣಿನ ಏರಿ ಹಾಕಿಸಿ, ಪಾತಿ ಪಾತಿಯಾಗಿ ನೀರು ನಿಲ್ಲಿಸುತ್ತ, ಸಂಜೆಯ ತನಕ ಬೈಯುತ್ತ ತಿರುಗುತ್ತಿದ್ದ. ಕೂಲಿಯವರು ನೀರಿನ ಹೆಸರಿನಲ್ಲೇ ಅವನನ್ನು 'ತಣ್ಣಿ ಸಾರ್' ಎಂದು ಕರೆಯುತ್ತಿದ್ದರು.

ವಾಸ ಮಾತ್ರ ಮೈಲಾಪೂರಿನಲ್ಲಿ. ಅಷ್ಟು ದೂರವಾದರೂ ಅವನು ಆ ಹಿತ್ತಲ ಕೋಣೆಯನ್ನು ಬಿಡದೆ ಇದ್ದುದಕ್ಕೆ ಕಾರಣ ಮನೆಯ ಯಜಮಾನಿ ಜಯಲಕ್ಷ್ಮಮ್ಮ. ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆ ನಿಂತ ಮಾಧ್ವರ ಮನೆ ಅದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸುಶಮೀಂದ್ರ ಆಡಿಟರ್ ಆಫೀಸಿನಲ್ಲಿ, ಸೊಸೆ ವೃಂದಾ, ಕಾಲೇಜಿಗೆ ಹೋಗುವ ಮೊಮ್ಮಗಳು ತೃಪ್ತಿ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುವಳು. ತನ್ನ ಕನ್ನಡಕ್ಕೆ ಕನ್ನಡದಲ್ಲೇ ಮಾತು ತಿರುಗಿಸುವ ಒಬ್ಬರಾದರೂ ಹತ್ತಿರ ಇರಲಿ ಎಂದು ಜಯಲಕ್ಷ್ಮಮ್ಮ ಆ ಕೋಣೆಯನ್ನು ಕನ್ನಡದವರಿಗೇ ಬಾಡಿಗೆ ಕೊಡುತ್ತಿದ್ದರು. ಅಂದಾನಿ ಬಂದು ಬಾಯಿ ತೆರೆದ ಮೇಲೆ, "ಇದು ಯಾವ ಕನ್ನಡವಪ್ಪಾ, ಕೊಂಜ ನಿಧಾನವಾಗಿ ಹೇಳು" ಎಂದಿದ್ದರು. ಅವರ ಕನ್ನಡ ಕೇಳಿ ಅಂದಾನಿಗೂ ಹಾಗೆಯೇ ಅನ್ನಿಸಿತ್ತು. ಹೇಗೋ ಒಗ್ಗಿಹೋಯಿತು.

ಒಗ್ಗದ್ದು ಒಂದಿತ್ತು. ಅವನ ಕೋಣೆಯ ಬಾಗಿಲಿನ ಮುಂದೆ ಬಿದಿರಿನ ಗಳು ಕಟ್ಟಿ, ಅದರ ಮೇಲೆ ಜಯಲಕ್ಷ್ಮಮ್ಮ ತಮ್ಮ ಒಂಬತ್ತು ಗಜದ ಮಡಿ ಸೀರೆ ಒಣಗಿಸುತ್ತಿದ್ದರು. ಕೋಲಿನಿಂದ ಹರವಿ ಕೋಲಿನಿಂದಲೇ ಇಳಿಸುವುದು. ಸೊಸೆಯೇ ಮುಟ್ಟುವ ಹಾಗಿಲ್ಲ, ಬಾಡಿಗೆಯವನ ಮಾತೆಲ್ಲಿ. ಎತ್ತರದ ಆಳಾದ ಅಂದಾನಿ ಎಂಟು ವರ್ಷ ತಲೆ ಬಗ್ಗಿಸಿಯೇ ಒಳಗೆ ಹೋದ, ತಲೆ ಬಗ್ಗಿಸಿಯೇ ಹೊರಗೆ ಬಂದ. ಮಡಿಯಲ್ಲಿದ್ದಾಗ ಅವರು ಏನಾದರೂ ಕೊಡಬೇಕಾದರೆ ಹಿತ್ತಲ ಕಟ್ಟೆಯ ಮೇಲಿಟ್ಟು ಸರಿದು ನಿಲ್ಲುವರು, ಅವನು ಎತ್ತಿಕೊಳ್ಳುವನು. ಅದರಿಂದ ಅವನಿಗೆ ಬೇಸರವಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಅವನು ಜ್ವರ ಬಂದು ಮಲಗಿದ್ದಾಗ ಅದೇ ಕಟ್ಟೆಯ ಮೇಲೆ ಹೊತ್ತುಹೊತ್ತಿಗೆ ಗಂಜಿ, ಮೆಣಸಿನ ಸಾರು ಬಂದು ಕೂತಿದ್ದೂ ಉಂಟು. ಬೇಸರ ಪೂರ್ತಿ ಹೋಗಲಿಲ್ಲ. ಅದರ ಪಕ್ಕದಲ್ಲಿ ಋಣವೊಂದು ಬಂದು ಕೂತಿತು, ಅಷ್ಟೇ.

ಹೆಂಡತಿ ಪಾವನಾ ಮತ್ತು ಮಗಳು ಮಳವಳ್ಳಿ ಹತ್ತಿರದ ಊರಿನಲ್ಲಿ ಕರಿಯಮ್ಮನ ಜೊತೆ ಇದ್ದರು. ಒಂದು ಕೋಣೆಯಲ್ಲಿ ಮೂವರು ಹೇಗಿರುವುದು ಎಂದು ಅಂದಾನಿ ವರ್ಷ ವರ್ಷ ಮುಂದೂಡುತ್ತ ಬಂದಿದ್ದ. ಕೊನೆಗೆ ಪಾವನಾ ಕಡ್ಡಿ ಮುರಿದ ಹಾಗೆ ಹೇಳಿದಳು: "ಬರೋ ವರ್ಷ ಮಗೀನ ಇಸ್ಕೂಲ್ಗೆ ಸೇರಿಸ್ಬೇಕು. ನಮ್ನಾರ ಅಲ್ಗೆ ಕರ್ಕೊಂಡೋಗು, ಇಲ್ಲಾ ಆ ಸಿಮೆಂಟ್ ಬುಟ್ಟು ನೀನಾರ ಇಲ್ಗೆ ಬಾ. ಹಬ್ಬಕ್ ಬರೋ ನೆಂಟ ನಂಗೆ ಬ್ಯಾಡ."

ಈ ಮಾತನ್ನು ಅವನು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಜಯಲಕ್ಷ್ಮಮ್ಮನವರಿಗೆ ಹೇಳಿದ. ಹಿತ್ತಲ ಕೋಣೆಯ ಮೇಲೆ ಒಂದು ಪುಟ್ಟ ಮನೆ ಏರಿಸುವ ಯೋಚನೆ ಅವರ ಮನೆಯಲ್ಲಿ ಮೊದಲೇ ಇತ್ತು. "ಏರಿಸೋಣ. ನೀನೇ ನಿಂತು ಕಟ್ಟಿಸು, ನೀನೇ ಇರು," ಎಂದರು ಅವರು. "ಈ ಮನೆಯಲ್ಲಿ ಸಣ್ಣ ಮಗು ಓಡಾಡಿ ಎಷ್ಟು ಕಾಲವಾಯಿತು!" ಸುಶಮೀಂದ್ರನೂ ಒಪ್ಪಿದ. ಪಲ್ಲಾವರಂನಲ್ಲಿ ನೂರಾರು ಮನೆಗಳ ಚಾವಣಿ ಬಲಿಯುವುದನ್ನು ಕಾದಿದ್ದ ಅಂದಾನಿ, ಮೊದಲ ಸಲ ತನ್ನ ಮಗಳು ಮಲಗುವ ಚಾವಣಿಯೊಂದನ್ನು ಕಾಯಲು ನಿಂತ.

ಗೋಡೆ ಎದ್ದು ತಾರಸಿ ಹಾಕುವ ಹೊತ್ತಿಗೆ ದೀಪಾವಳಿ ಬಾಗಿಲಿಗೆ ಬಂದಿತ್ತು. ಮೇಸ್ತ್ರಿ ಸುರೇಶ ಹಟ ಹಿಡಿದ. ಹಬ್ಬಕ್ಕೆ ಹೋದ ಆಳುಗಳು ಯಾವಾಗ ತಿರುಗಿ ಬರುತ್ತಾರೋ, ಅಷ್ಟರಲ್ಲಿ ಮಳೆಗಾಲವೂ ಹಿಡಿಯುತ್ತದೆ, ಈಗಲೇ ಹಾಕಿಬಿಡೋಣ ಎಂದ. ಹಸಿ ಕಾಂಕ್ರೀಟನ್ನು ಬಿಟ್ಟು ಎಲ್ಲರೂ ಊರಿಗೆ ಹೊರಡುವುದು ಅಂದಾನಿಗೆ ಸುತರಾಂ ಇಷ್ಟವಿರಲಿಲ್ಲ. ಹಬ್ಬಕ್ಕೆ ಹೋಗದೆ ಇಲ್ಲೇ ಉಳಿದರೆ ಪಾವನಾ ಏನು ಮಾಡುತ್ತಾಳೆಂದೂ ಅವನಿಗೆ ಗೊತ್ತಿತ್ತು. ಒಪ್ಪಿಕೊಂಡ. ಶನಿವಾರ ತಾರಸಿ ಹಾಕಿದರು. ಭಾನುವಾರ ಬೆಳಿಗ್ಗೆ ಅವನೇ ಕೂತು ಮಣ್ಣಿನ ಏರಿ ಕಟ್ಟಿ, ಪಾತಿಗಳಿಗೆಲ್ಲ ನೀರು ಬಿಟ್ಟ. ನೀರು ತುಂಬಿ ನಿಂತ ಆ ಪಾತಿಗಳು ಅವನ ಕಣ್ಣಿಗೆ ನಾಟಿಗೆ ಸಿದ್ಧವಾದ ಗದ್ದೆಯ ಹಾಗೆಯೇ ಕಂಡವು.

ಸುಶಮೀಂದ್ರನ ಸಂಸಾರ ವೃಂದಾಳ ತೌರಿಗೆ, ಕುಂಭಕೋಣಂಗೆ ಹೊರಟಿತ್ತು. ಜಯಲಕ್ಷ್ಮಮ್ಮ ಹೋಗಲಿಲ್ಲ. "ನಾನೂ ಬಂದುಬಿಟ್ಟರೆ ತಾರಸಿಗೆ ನೀರು ನೋಡೋದು ಯಾರು?" ಎಂದರು. ಅಡುಗೆಮನೆ ಸೊಸೆಯ ಕೈಗೆ ಹೋದ ಮೇಲೆ ಅವರನ್ನು ನಂಬಿ ಯಾರೂ ಯಾವ ಕೆಲಸವನ್ನೂ ಒಪ್ಪಿಸಿರಲಿಲ್ಲ. ಅಂದಾನಿ ಹೇಳಿದ್ದನ್ನೆಲ್ಲ ಅವರು ಮಂತ್ರದ ಹಾಗೆ ತಿರುಗಿ ಒಪ್ಪಿಸಿದರು. ಬೆಳಿಗ್ಗೆ ಸಂಜೆ ಪಾತಿ ನೋಡಿ ತುಂಬಬೇಕು. ಸುಡುಮಧ್ಯಾಹ್ನ ತಣ್ಣೀರು ಸುರಿಯಬಾರದು. ಕಂಬದ ಗೋಣಿತಾಟು ಒಣಗಲು ಬಿಡಬಾರದು, ಒಣಗಿದ ಗೋಣಿ ಸಿಮೆಂಟಿನ ನೀರನ್ನೇ ಹೀರುತ್ತದೆ. ಬಾವಿ ನೀರು ಮಾತ್ರ ಖಂಡಿತ ಬೇಡ; ಅದು ಉಪ್ಪು, ಒಳಗಿನ ಕಂಬಿಯನ್ನು ತಿಂದುಹಾಕುತ್ತದೆ. ಸಂಪಿನಲ್ಲಿರುವ ನಲ್ಲಿ ನೀರೇ ಆಗಬೇಕು.

"ಒಲೆ ಮೇಲಿನ ಹಾಲು ಕಾದ ಹಾಗೆ ಕಾಯುತ್ತೇನೆ, ನೀನು ಹೋಗಿ ಬಾ," ಎಂದು ಕಳಿಸಿದರು.

ಆ ವರ್ಷ ದೀಪಾವಳಿಯ ಮರುದಿನವೇ, ಅಮಾವಾಸ್ಯೆಯ ಸಂಜೆ, ಸೂರ್ಯಗ್ರಹಣ. ಎರಡೂ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅದು ಇತ್ತು. ಎಲ್ಲವನ್ನೂ ಹೇಳಿ ಬಂದ ಅಂದಾನಿ ಅದೊಂದರ ಬಗ್ಗೆ ತುಟಿ ಬಿಚ್ಚಿರಲಿಲ್ಲ, ಯಾಕೆಂದರೆ ಅದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಊರಿನಲ್ಲಿ ಗ್ರಹಣದ ಸಂಜೆ ಕರಿಯಮ್ಮ ಯಾರ ಬಾಯಿಗೂ ತುತ್ತು ಹೋಗದ ಹಾಗೆ ಕಾವಲು ಕೂತಿದ್ದಳು. ಹಾಲಿಗೆ, ಮೊಸರಿಗೆ, ಉಪ್ಪಿನಕಾಯಿಯ ಜಾಡಿಗೆ ಒಂದೊಂದು ಎಸಳು ಗರಿಕೆ ಹಾಕಿದ್ದಾಗಿತ್ತು. ಗ್ರಹಣ ಹಿಡಿದ ಸೂರ್ಯ ಹಾಗೆಯೇ ಮುಳುಗಿದ. ಗ್ರಹಣ ಬಿಡುವ ಹೊತ್ತಾದದ್ದೇ ಅವಳು ಮಗನನ್ನು ಎಬ್ಬಿಸಿದಳು.

"ಲೋ ಅಂದಾನಿ, ಹಂಡೆ ನೀರ ಚೆಲ್ಬುಟ್ಟು ಹೊಸ ನೀರ್ ತುಂಬ್ಲಾ. ಗ್ರಾಣ ಹಿಡ್ದಿರೋ ನೀರು ಮನೇಲಿ ನಿಲ್ಬಾರ್ದು."

"ಉಪ್ಪಿನ್ಕಾಯ್ನ ಗರಿಕೆ ಹಾಕಿ ಕಾಪಾಡ್ಕಂಡೆ. ನೀರೇನವ್ವ ಪಾಪ ಮಾಡ್ತು? ಅದ್ಕೂ ಒಂದ್ ಎಸಳು ಹಾಕ್ಬೋದಿತ್ತಲ್ಲ," ಎಂದು ಅವನು ಕೆಣಕಿದ.

"ಉಪ್ಪಿನ್ಕಾಯಿ ಚೆಲ್ಲುದ್ರೆ ಇನ್ನೊಂದ್ ವರ್ಷ ಕಾಯ್ಬೇಕು. ನೀರಾದ್ರೆ ಸೇದುದ್ರೆ ಬತ್ತದೆ. ಮಾತಾಡ್ದೆ ಎತ್ತು."

ಅಂದಾನಿ ನಗುತ್ತ ಹಂಡೆ ಎತ್ತಿ ಬಚ್ಚಲ ಹೊರಗೆ ಬಗ್ಗಿಸಿದ. ನೀರು ಅಂಗಳ ದಾಟಿ ಚರಂಡಿಗೆ ಇನ್ನೂ ಸೇರಿರಲಿಲ್ಲ, ಅವನಿಗೆ ಮೈಲಾಪೂರಿನ ತಾರಸಿ ನೆನಪಾಯಿತು. ಹಂಡೆಯನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದ.

ಮೈಲಾಪೂರಿನಲ್ಲಿ ಯಾರೂ ಎತ್ತಲಿಲ್ಲ. ಜಪವೋ ಸ್ನಾನವೋ. ಅವನು ಮಾಡುತ್ತಲೇ ಇದ್ದ. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ ದನಿ ಬಂತು.

"ಈಗ ತಾನೇ ಸ್ನಾನ ಆಯಿತಪ್ಪಾ. ನಿಮ್ಮ ಕಡೆ ಎಲ್ಲರದೂ ಆಯಿತಾ?"

"ಅಮ್ಮಾ, ತಾರಸಿ ನೀರು?"

"ಚೆಲ್ಲಿಬಿಟ್ಟೆ," ಎಂದರು ಜಯಲಕ್ಷ್ಮಮ್ಮ. ದನಿಯಲ್ಲಿ ಹೆಮ್ಮೆ ಇತ್ತು. "ಏರಿಯೆಲ್ಲ ಒಡೆದು, ಪೊರಕೆ ಹಿಡಿದು ಗುಡಿಸಿ, ಒಂದು ತೊಟ್ಟು ಇಲ್ಲದ ಹಾಗೆ ಮಾಡಿದೆ. ನಿನ್ನ ಮಗು ಬಂದು ಇರೋ ಜಾಗ, ಗ್ರಹಣದ ನೀರು ಅದರ ತಲೆ ಮೇಲೆ ನಿಲ್ಲಬಹುದಾ? ಬೆಳಿಗ್ಗೆ ನಲ್ಲಿ ಬಂದ ತಕ್ಷಣ ಹೊಸ ನೀರು ತುಂಬುತ್ತೇನೆ."

"ಸಂಪಲ್ಲಿ ಇಲ್ವಾ?"

"ಕೊಡ ತಪ್ಪಲೆಯೆಲ್ಲ ತೊಳೆದು ತುಂಬಿದೆ, ಮನೆ ಸಾರಿಸಿದೆ. ಅಡಿ ಕಾಣಿಸುತ್ತಾ ಇದೆ. ಬೆಳಿಗ್ಗೆ ಬರುತ್ತಲ್ಲ."

ನಲ್ಲಿ ಆ ಬೀದಿಗೆ ದಿನ ಬಿಟ್ಟು ದಿನ. ನಾಳೆ ಸರದಿಯಲ್ಲ ಎಂಬುದು ಹಬ್ಬದ ಗದ್ದಲದಲ್ಲಿ ಅವರಿಗೆ ಮರೆತಿತ್ತು, ಅವನಿಗೆ ನೆನಪಿತ್ತು. ಅಂದಾನಿಗೆ ಸಿಟ್ಟು ನೆತ್ತಿಗೇರಿತು.

"ಏನಮ್ಮಾ ನೀವು! ಅಷ್ಟೊಂದ್ ಹೇಳಿ ಬಂದಿದ್ನಲ್ಲಾ! ನಿಮ್ ಗ್ರಹಣಕ್ಕೆ ನನ್ ಮನೆ ಹಾಳಾಗೋಯ್ತು!"

"ನಿನ್ನ ಮನೆ," ಎಂದರು ಜಯಲಕ್ಷ್ಮಮ್ಮ. ಕೇಳಿದ್ದೂ ಅಲ್ಲ, ರೇಗಿದ್ದೂ ಅಲ್ಲ. ಫೋನು ಕಟ್ಟಾಯಿತು.

ಬಾಗಿಲಲ್ಲಿ ನಿಂತಿದ್ದ ಕರಿಯಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಆವಮ್ಮ ಮಾಡುದ್ನೇ ಅಲ್ವೇನ್ಲಾ ನಾನು ಮಾಡ್ಸಿದ್ದು? ನಂಗ್ಯಾಕ್ ಬೈಲಿಲ್ಲ?" ಎಂದಳು. ಹಂಡೆ ಹಿಡಿದ ಅಂದಾನಿಯ ಕೈ ಇನ್ನೂ ಒದ್ದೆಯಿತ್ತು.

ಮರುದಿನ ಅವನ ಪಾಲಿಗೆ ಬೆಳಗಾದದ್ದೇ ಕೇಡಾಗಿ. ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಮಧ್ಯಾಹ್ನ ಮಾಡಿದ. ಮೇಸ್ತ್ರಿ ಸುರೇಶ ತನ್ನ ಊರಿನಲ್ಲಿದ್ದ. ನೀರಿನ ಲಾರಿಯವರೂ ಹಬ್ಬದಲ್ಲಿದ್ದಾರೆ ಸಾರ್, ಯಾರೂ ಸಿಗುವುದಿಲ್ಲ ಎಂದ. ಹಬ್ಬ ಮುಗಿಸಿ ಹಿಂದಿರುಗುವವರಿಂದ ಮದ್ರಾಸಿನ ಬಸ್ಸುಗಳೆಲ್ಲ ತುಂಬಿದ್ದವು. ಅಂದಾನಿ ಜಗುಲಿಯ ಮೇಲೆ ಕೂತು ಆಕಾಶ ನೋಡಿದ. ಮೋಡದ ಒಂದು ಚೂರೂ ಇರಲಿಲ್ಲ. ಮದ್ರಾಸಿನ ಬಿಸಿಲು ಇದಕ್ಕಿಂತ ಜೋರು, ಜೊತೆಗೆ ಸಮುದ್ರದ ಗಾಳಿ. ಹಾಕಿ ಮೂರು ನಾಲ್ಕು ದಿನವಾದ ಎಳೇ ತಾರಸಿ, ಒಂದು ಹಗಲು ಪೂರ್ತಿ ಬೆತ್ತಲೆ ಬಿದ್ದಿದೆ. ಮೇಲ್ಮೈ ಬಿರಿಯುತ್ತದೆ, ಮಳೆ ಬಂದಾಗ ಆ ಬಿರುಕಿಗೆ ನೀರು ಇಳಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ಒಡೆದು ಮತ್ತೆ ಹಾಕು ಎಂದು ಸುಶಮೀಂದ್ರನಿಗೆ ಹೇಳುವ ಬಾಯಿ ತನಗುಂಟೇ? ಹೇಳಿದರೂ, ಆ ಮಾತಾಡಿದ ಮೇಲೆ ಜಯಲಕ್ಷ್ಮಮ್ಮ ತನ್ನನ್ನು ಆ ಮನೆಗೆ ಸೇರಿಸುತ್ತಾರೆಯೇ?

ಪಾವನಾ ವಿಷಯವನ್ನೆಲ್ಲ ಕೇಳಿ, "ಮನೆ ಒಡ್ದೋದ್ರೆ ಇನ್ನೊಂದ್ ಕಟ್ಬೋದು. ಆವಮ್ಮನ್ ಕುಟೆ ಅಂಗೆ ಮಾತಾಡ್ಬುಟ್ಟು ಯಾವ್ ಮಕ ಇಟ್ಕಂಡು ನಮ್ಮುನ್ನ ಕರ್ಕೊಂಡೋದೀಯ?" ಎಂದಳು. ಅವನು ಹೆದರಿದ್ದನ್ನೇ ಅವಳು ಬಾಯಿಬಿಟ್ಟು ಹೇಳಿದಳು.

ಅಂತೂ ಒಂದು ಸೀಟು ಸಿಕ್ಕಿ ಗುರುವಾರ ಬೆಳಿಗ್ಗೆ ಕೋಯಂಬೇಡಿನ ಬಸ್ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು ಮೈಲಾಪೂರಿಗೆ ಬಂದ. ಮನೆಯ ಮುಂಬಾಗಿಲು ಹಾಕಿತ್ತು. ಓಣಿಯಿಂದ ಹಿತ್ತಲಿಗೆ ಬಂದ. ಗಳು ಖಾಲಿಯಾಗಿತ್ತು. ಎಂಟು ವರ್ಷದಲ್ಲಿ ಆ ಗಳು ಖಾಲಿ ಇದ್ದದ್ದನ್ನು ಅವನು ಕಂಡಿರಲಿಲ್ಲ. ಜಯಲಕ್ಷ್ಮಮ್ಮನವರಿಗೆ ಏನಾದರೂ ಆಗಿಹೋಯಿತೇ ಎಂದು ಹೆದರಿದ. ತಾರಸಿಯ ಚಿಂತೆ ಅಲ್ಲಿಗೆ ಹಾರಿಹೋಯಿತು. ಖಾಲಿ ಗಳುವಿನ ಕೆಳಗೂ ಅಭ್ಯಾಸಬಲದಿಂದ ತಲೆ ಬಗ್ಗಿಸಿ, ಮೆಟ್ಟಿಲು ಹತ್ತಿ ಓಡಿದ.

ಮೇಲೆ ಬಂದವನು ಕೊನೆಯ ಮೆಟ್ಟಿಲಿನಲ್ಲೇ ನಿಂತುಬಿಟ್ಟ.

ತಾರಸಿಯ ಈ ಕೊನೆಯಿಂದ ಆ ಕೊನೆಯ ತನಕ ಸೀರೆ ಹಾಸಿತ್ತು. ಒಂಬತ್ತು ಗಜದ ನೂಲಿನ ಮಡಿ ಸೀರೆಗಳು, ಕಂದು, ಕಡುಹಸಿರು, ಬಣ್ಣ ಹೋದ ಅರಿಸಿನ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು. ಸೀರೆ ಮುಗಿದ ಕಡೆ ಅವರ ಯಜಮಾನರ ಹಳೆಯ ಪಂಚೆಗಳು. ಗಾಳಿಗೆ ಹಾರದಂತೆ ಉದ್ದಕ್ಕೂ ಇಟ್ಟಿಗೆ ಹೇರಿತ್ತು. ಎಲ್ಲವೂ ತೊಪ್ಪೆಯಾಗಿ ನೆನೆದಿದ್ದವು. ಕುಡಿಯುವ ನೀರಿನ ಖಾಲಿ ಕ್ಯಾನುಗಳು ಒಂದು ಪಕ್ಕ ಬಿದ್ದಿದ್ದವು. ಮಣೆಯೊಂದರ ಮೇಲೆ ಜಯಲಕ್ಷ್ಮಮ್ಮ ಕಾಲು ಚಾಚಿ ಕೂತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸೀರೆಯ ಮೇಲೆ ಚಿಮುಕಿಸುತ್ತಿದ್ದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು.

"ಬಂದೆಯಾ," ಎಂದರು. "ನಿನ್ನೆ ನಲ್ಲಿ ಸರದಿಯೇ ಅಲ್ಲವಂತೆ. ಲಾರಿಯವನಿಗೆ ಕೇಳಿದರೆ ಹಬ್ಬ ಅಂತಾನೆ. ಬಾವಿ ನೀರು ನೀನು ಬೇಡ ಅಂದಿದ್ದೆ. ಚೆನ್ನಾಗಿ ಮಾಟ್ಟಿಕೊಂಡು ಸಿಕ್ಕಿಬಿದ್ದೆನಪ್ಪಾ ನಾನು. ಆಮೇಲೆ ನಿನ್ನ ಕಂಬ ನೋಡಿದೆ. ಗೋಣಿ ಸುತ್ತಿ ಒದ್ದೆ ಮಾಡಿದರೆ ಕಂಬಕ್ಕೆ ಸಾಕು ಅಂದ ಮೇಲೆ ತಾರಸಿಗೂ ಹೊದಿಸಬಹುದಲ್ಲ ಅನ್ನಿಸಿತು. ಅಷ್ಟು ಗೋಣಿಗೆ ಎಲ್ಲಿ ಹೋಗಲಿ? ಇದ್ದದ್ದು ಇವೇ. ಮೂಲೆ ಅಂಗಡಿಯಿಂದ ಕ್ಯಾನ್ ನೀರು ಮೇಲಕ್ಕೆ ಹಾಕಿಸಿಕೊಂಡೆ."

"ಫೋನ್ ಯಾಕಮ್ಮಾ ಎತ್ತಲಿಲ್ಲ?"

"ಅದು ಕೆಳಗಿದೆ. ಈ ಮಂಡಿಯಲ್ಲಿ ಇಳಿದು ಹತ್ತೋ ಹೊತ್ತಿಗೆ ಸೀರೆ ಒಣಗುತ್ತೆ. ಒಣಗಿದ ಬಟ್ಟೆ ಸಿಮೆಂಟಿನ ನೀರನ್ನೇ ಹೀರುತ್ತೆ ಅಂತ ಹೇಳಿದ್ದು ಯಾರು?" ಒಂದು ಚೊಂಬು ಚಿಮುಕಿಸಿ, ಅವನ ಕಡೆ ನೋಡದೆ ಸೇರಿಸಿದರು: "ಎತ್ತಿದ್ದರೆ ನೀನು ಮತ್ತೆ ಬೈತಿದ್ದೆ."

ಅಂದಾನಿ ಹತ್ತಿರ ಹೋಗಬೇಕು, ಕಾಲಿಡುವುದು ಎಲ್ಲಿ? ಎಲ್ಲೆಲ್ಲೂ ಮಡಿ ಸೀರೆ. ಅವನು ನಿಂತಲ್ಲೇ ಒದ್ದಾಡುವುದನ್ನು ಅವರು ಕಂಡರು.

"ಇನ್ನು ಅದಕ್ಕೆ ಎಲ್ಲಿಯ ಮಡಿ. ತುಳಿದುಕೊಂಡು ಬಾ, ಪರವಾಯಿಲ್ಲ."

ಅವನಿಗೆ ತುಳಿಯಲು ಕಾಲು ಬರಲಿಲ್ಲ. ಚಪ್ಪಲಿ ಬಿಟ್ಟು, ಕೂತು, ಎರಡೂ ಕೈಯಿಂದ ಸೀರೆಯ ಅಂಚು ಎತ್ತಿ ಮಡಿಚಿ ದಾರಿ ಮಾಡಿಕೊಂಡ. ಕೆಳಗೆ ಕಾಂಕ್ರೀಟು ಕಪ್ಪಗೆ, ತಣ್ಣಗೆ, ಒದ್ದೆಯಾಗಿತ್ತು. ಉಗುರಿನಿಂದ ಗೀರಿದ. ಗೀರು ಬೀಳಲಿಲ್ಲ. ಹೀಗೆ ಒಂದೊಂದೇ ಅಂಚು ಎತ್ತುತ್ತ ಅವರ ಮಣೆಯ ತನಕ ಬಂದು, "ತಪ್ಪಾಯ್ತಮ್ಮಾ," ಎಂದ.

"ನನ್ನದೂ ಇದೆಯಪ್ಪಾ," ಎಂದರು ಅವರು.

ನೀರಿನ ಟ್ಯಾಂಕಿಗೆಂದು ಬಿಟ್ಟ ಮೂಲೆಗೆ ಮಾತ್ರ ಬಟ್ಟೆ ಮುಟ್ಟಿರಲಿಲ್ಲ. ಅಲ್ಲಿ ಕಾಂಕ್ರೀಟು ಬೆಳ್ಳಗೆ ಬಿಳಚಿಕೊಂಡು, ಕೂದಲೆಳೆಯಂಥ ಬಿರುಕುಗಳು ಬಲೆಯ ಹಾಗೆ ಹರಡಿದ್ದವು. ಅಂದಾನಿ ಅಲ್ಲಿ ಮಂಡಿಯೂರಿ ಕೂತು ಬೆರಳಾಡಿಸಿದ.

"ಬಟ್ಟೆ ಸಾಲಲಿಲ್ಲ," ಎಂದರು ಜಯಲಕ್ಷ್ಮಮ್ಮ. "ಸುಳ್ಳು ಯಾಕೆ ಹೇಳಲಿ, ಒಂದಿತ್ತು. ನನ್ನ ಮದುವೆಯ ಪಟ್ಟೆ ಸೀರೆ. ಪೆಟ್ಟಿಗೆಯಿಂದ ತೆಗೆದೆ, ಮೆಟ್ಟಿಲ ತನಕ ತಂದೂ ತಂದೆ. ಸಿಮೆಂಟು ಸುಟ್ಟುಹಾಕುತ್ತಲ್ಲ ಅಂತ ಮನಸ್ಸು ಬರಲಿಲ್ಲ. ತಿರುಗಿ ಒಯ್ದು ಇಟ್ಟೆ."

"ರೇಷ್ಮೆ ನೀರು ಹಿಡಿಯಲ್ಲ ಬಿಡಿ ಅಮ್ಮಾ. ಹಾಕಿದ್ರೂ ಪ್ರಯೋಜನ ಇರ್ಲಿಲ್ಲ," ಎಂದ ಅಂದಾನಿ. ಅದು ನಿಜವಲ್ಲ. ಅವನಿಗೆ ಗೊತ್ತಿತ್ತು, ಬಹುಶಃ ಅವರಿಗೂ.

ಮಧ್ಯಾಹ್ನದ ಹೊತ್ತಿಗೆ ನಲ್ಲಿ ಬಂತು. ಅಂದಾನಿ ಏರಿಯನ್ನು ಹೊಸದಾಗಿ ಕಟ್ಟಿದ. ಬಿರುಕಿಗೆ ಸಿಮೆಂಟಿನ ಹಾಲು ಕಲಸಿ ತುಂಬಿ ತಿಕ್ಕಿದ. ಬಲವೇನೂ ಕುಂದಿಲ್ಲ, ಆ ಮೂಲೆ ಒಂದೆರಡು ಮಳೆಗಾಲ ಬೆವರಬಹುದು, ಮೇಲೆ ಇನ್ನೊಂದು ಪದರ ಹಾಕಿದರೆ ಸರಿಹೋಗುತ್ತದೆ ಎಂದು ಸಂಜೆ ಬಂದ ಸುಶಮೀಂದ್ರನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಸುಶಮೀಂದ್ರ ತಾಯಿಯ ಸೀರೆಗಳ ಸ್ಥಿತಿ ನೋಡಿ ಏನೋ ಹೇಳಲು ಬಾಯಿ ತೆರೆದ. ವೃಂದಾ ಅವನ ತೋಳು ಚಿವುಟಿದಳು. ಸಿಮೆಂಟಿನ ಕಲೆ ಹತ್ತಿದ ಆ ಸೀರೆಗಳು ಮತ್ತೆ ಗಳು ಏರಲಿಲ್ಲ. ಜಯಲಕ್ಷ್ಮಮ್ಮನವರ ಮಂಡಿ ಊದಿಕೊಂಡು, ತೃಪ್ತಿ ಎಣ್ಣೆ ಹಚ್ಚುವಾಗೆಲ್ಲ ಅಜ್ಜಿಯನ್ನು ತಮಿಳಿನಲ್ಲಿ ಬೈಯುತ್ತಿದ್ದಳು.

ಆ ವಾರವೇ ಮಳೆ ಹಿಡಿಯಿತು. ಪಾತಿಗಳು ಮೇಲಿನ ನೀರಿಗೇ ತುಂಬಿ ನಿಂತವು. ಸಾಕಲ್ಲವೇ, ಏರಿ ಒಡೆದುಬಿಡೋಣ ಎಂದು ಮೇಸ್ತ್ರಿ ಕೇಳಿದರೆ ಅಂದಾನಿ ಒಪ್ಪಲಿಲ್ಲ. ಒಂದು ಹಗಲು ಸೋತದ್ದನ್ನು ಅದು ನಿಧಾನವಾಗಿ ಗಳಿಸಿಕೊಳ್ಳಲಿ ಎಂದ. ಅಷ್ಟರಲ್ಲಿ ಕ್ಯಾಲೆಂಡರಿನಲ್ಲಿ ಮತ್ತೆ ಗ್ರಹಣ ಬಂತು. ಅಮಾವಾಸ್ಯೆಗೆ ಸೂರ್ಯನದಾಯಿತು, ಹುಣ್ಣಿಮೆಗೆ ಚಂದ್ರನದು.

ಈ ಸಲ ಅಂದಾನಿಗೆ ಮೊದಲೇ ನೆನಪಿತ್ತು. ಆದರೆ ಹೇಳುವುದು ಹೇಗೆ? ನೀರು ಚೆಲ್ಲಬೇಡಿ ಎಂದರೆ ಹಳೆಯದನ್ನು ಕೆದಕಿದ ಹಾಗೆ. ಹೇಳದಿದ್ದರೆ ಮತ್ತೆ ಪೊರಕೆ ಹಿಡಿದರೆ? ಆ ದಿನ ಪಲ್ಲಾವರಂನಿಂದ ಬೇಗ ಹೊರಟು, ಮಾಡ ಬೀದಿಯ ಪೂಜೆ ಸಾಮಾನಿನ ಅಂಗಡಿಯಲ್ಲಿ ಒಂದು ಕಟ್ಟು ದರ್ಭೆ ಕೊಂಡು ಜೇಬಿಗಿಟ್ಟುಕೊಂಡ. ಕರಿಯಮ್ಮನ ಉಪ್ಪಿನಕಾಯಿ ಜಾಡಿ ಅವನ ಕಣ್ಣ ಮುಂದಿತ್ತು. ಅದನ್ನು ಏನೆಂದು ಕೊಡಬೇಕು ಎಂಬುದು ಮಾತ್ರ ಮನೆ ತಲುಪುವ ತನಕ ಹೊಳೆಯಲಿಲ್ಲ.

ಹಿತ್ತಲಿಗೆ ಬಂದರೆ ಜಯಲಕ್ಷ್ಮಮ್ಮ ಗ್ರಹಣಕಾಲದ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ, ಮಹಡಿಯ ಮೆಟ್ಟಿಲು ಒಂದೊಂದಾಗಿ ಇಳಿದು ಬರುತ್ತಿದ್ದರು. ಅಂದಾನಿಯ ಕಣ್ಣು ಮೊದಲು ಹೋದದ್ದು ಅವರ ಕೈಗೆ. ಕೈಯಲ್ಲಿ ಪೊರಕೆ ಇರಲಿಲ್ಲ. ಎರಡೋ ಮೂರೋ ದರ್ಭೆಯ ಎಸಳು ಇದ್ದವು.

"ಹಾಗೆ ನೋಡಬೇಡ. ಚೆಲ್ಲಿಲ್ಲ," ಎಂದರು. "ಎಲ್ಲಾ ಪಾತಿಗೂ ಒಂದೊಂದು ಹಾಕಿ ಬಂದೆ. ಮತ್ತೆ ಸಿಗದ್ದಕ್ಕೆ ದರ್ಭೆ ಹಾಕಿ ಉಳಿಸಿಕೊಳ್ಳುತ್ತೇವೆ. ಈ ನೀರೂ ಹಾಗೇ ಅಂತ ಅವತ್ತು ನನಗೆ ಗೊತ್ತಾಗಲಿಲ್ಲ."

ಕೊನೆಯ ಮೆಟ್ಟಿಲಿಳಿದು ಅವರು ಉಳಿದ ಎಸಳುಗಳನ್ನು ಮುಂದೆ ಚಾಚಿದರು. ಅಂದಾನಿ ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದು, ಅವರು ಅದನ್ನು ಕಟ್ಟೆಯ ಮೇಲಿಡಲಿ ಎಂದು ಕಾದ. ಅವರು ಇಡಲಿಲ್ಲ. ಚಾಚಿದ ಕೈ ಹಾಗೆಯೇ ಇತ್ತು.

"ಹಿಡಿಯಪ್ಪಾ. ಹೇಗೂ ಗ್ರಹಣ ಬಿಟ್ಟ ಮೇಲೆ ಇನ್ನೊಂದು ಸ್ನಾನ ಇದ್ದೇ ಇದೆ. ಆ ಮೂಲೆ ಒಂದು ಬಾಕಿ. ನನ್ನ ಮಂಡಿ ಕೈಲಾಗದು ಅಂತಿದೆ. ನೀನೇ ಹಾಕಿ ಬಾ. ನಿನ್ನ ಮನೆ ತಾನೇ."

ಅಂದಾನಿ ಅವರ ಕೈಯಿಂದಲೇ ತೆಗೆದುಕೊಂಡ. ಅವರ ಬೆರಳು ಸ್ನಾನದ ನೀರಿಗೆ ತಣ್ಣಗಿದ್ದವು. ಮೆಟ್ಟಿಲು ಹತ್ತಿದ. ಒಂದೊಂದು ಪಾತಿಯಲ್ಲೂ ಒಂದೊಂದು ಎಸಳು ತೇಲುತ್ತಿತ್ತು. ಆ ಮೂಲೆಯ ಪಾತಿಗೆ ಅವರು ಕೊಟ್ಟದ್ದನ್ನು ಹಾಕಿದ. ಜೇಬಿನಲ್ಲಿದ್ದ ತನ್ನ ಕಟ್ಟನ್ನೂ ಬಿಚ್ಚಿ ಅದರ ಪಕ್ಕದಲ್ಲೇ ಹಾಕಿದ.

ಗ್ರಹಣ ಬಿಟ್ಟ ಮೇಲೆ ಸ್ನಾನ ಮುಗಿಸಿ ಊರಿಗೆ ಫೋನ್ ಮಾಡಿದ. ಪಾವನಾ ಹಲೋ ಎನ್ನದೆ ಮೊದಲು ಕೇಳಿದ್ದೇ, "ತಾರಸಿ ನೀರು?"

"ಅಲ್ಲೇ ಅದೆ," ಎಂದ ಅಂದಾನಿ. "ನೀವು ಬನ್ನಿ."